ಕೆಳಗಿನ ಸಾಲು

ಶಟರಿನ ತಳಪಟ್ಟಿಯ ತುದಿಯಲ್ಲಿ ಕೈಗವಸಿನ ನೂಲು ಸಿಕ್ಕಿಕೊಂಡಿತ್ತು. ಪೇಶಾನ್ ಏಣಿಯ ಮೇಲೆ ನಿಂತು ಇಕ್ಕಳದಿಂದ ಒಂದೊಂದೇ ಎಳೆ ಬಿಡಿಸಿದಳು. ಕೆಲವು ಬಿಳಿ, ಕೆಲವು ಒಣಗಿ ಕಂದಿದ ಕೆಂಪು. ಕೆಳಗೆ ಉದುರಿಸಲು ಮನಸ್ಸಾಗದೆ ಅಂಗಿಯ ಜೇಬಿಗೆ ಹಾಕಿಕೊಂಡಳು. ಆಮೇಲೆ ಸೀಮೆಎಣ್ಣೆ ಬಟ್ಟೆ ತೆಗೆದು, ಶಟರು ಓಡಾಡುವ ಪಕ್ಕದ ಸಂದನ್ನು ಮೇಲಿಂದ ಕೆಳಗೆ ಒರೆಸತೊಡಗಿದಳು. ಬಟ್ಟೆಗೆ ಹಿತ್ತಾಳೆಯ ಪುಡಿ ಬಂತು, ಸಮುದ್ರದ ಗಾಳಿ ತಂದ ಮರಳು ಬಂತು, ಇನ್ನೂ ಏನೋ ಬಂತು. ಬಟ್ಟೆಯನ್ನು ಒಳಮಗ್ಗುಲಿಗೆ ಮಡಿಚಿ ಮತ್ತೆ ಒರೆಸಿದಳು. ಕೊನೆಗೆ ಮೇಣದಬತ್ತಿಯ ತುಂಡಿನಿಂದ ಸಂದಿನ ಉದ್ದಕ್ಕೂ ಉಜ್ಜಿದಳು. ಎಣ್ಣೆ ಹಚ್ಚಿದರೆ ಈ ಕಡಲತೀರದ ಊರು ಲುಗಾಂಗಿನ ಗಾಳಿಗೆ ಮರಳು ಅಂಟಿ ಒಂದೇ ವಾರದಲ್ಲಿ ಕೆಸರಾಗುತ್ತದೆ.

ಕೆಳಗೆ ಸೋದರಮಾವ ಹುವಾಂಗ್ ಏಣಿ ಹಿಡಿದಿದ್ದ. ನಲ್ಲಿಗಳಿಗೆ ಹೊಳಪು ಕೊಡುವ ಹನ್ನೊಂದು ಯಂತ್ರಗಳ ಮುಂದೆ ಹತ್ತು ಜನ ಬಗ್ಗಿ ಕೂತಿದ್ದರು. ಹನ್ನೊಂದನೆಯ ಯಂತ್ರದ ಮುಂದಿನ ಸ್ಟೂಲು ಖಾಲಿಯಿತ್ತು. ಅದರ ಮೇಲೆ, ಇಲ್ಲಿ ಎಲ್ಲರೂ ಚಿಕ್ಕಮ್ಮ ಎಂದು ಕರೆಯುವ ಬೋಚಾಯ್ ಚಿಕ್ಕಮ್ಮನ ಹೂವಿನ ಚಿತ್ತಾರದ ಮೆತ್ತೆ ಹಾಗೇ ಇತ್ತು.

ಬಾಗಿಲ ಹೊರಗೆ ಧಣಿಯ ಹೆಂಡತಿ ಮಡಚುವ ಮೇಜು ಹಾಕಿ, ಕಿತ್ತಳೆ, ಬಿಸ್ಕತ್ತು, ಮೂರು ಪುಟ್ಟ ಬಟ್ಟಲು ಚಹಾ ಇಟ್ಟು ಧೂಪ ಹಚ್ಚಿದ್ದಳು. ಕಬ್ಬಿಣದ ಡಬ್ಬಿಯಲ್ಲಿ ದೇವರಿಗೆ ಅರ್ಪಿಸುವ ಚಿನ್ನದ ಬಣ್ಣದ ಕಾಗದ ಸುಡುತ್ತಿತ್ತು. ಬಾಗಿಲು ರಕ್ತ ಕಂಡಿದೆ, ಅದನ್ನು ಸಮಾಧಾನ ಮಾಡಬೇಕು. ಒಳ್ಳೆಯ ಕಿತ್ತಳೆ, ಎಲೆ ಸಮೇತ ಇದ್ದವು. ಆಸ್ಪತ್ರೆಗೆ ಈ ಮನೆಯಿಂದ ಒಂದು ಕಿತ್ತಳೆಯೂ ಹೋಗಿರಲಿಲ್ಲ. ಪೇಶಾನ್ ಬೆಳಿಗ್ಗೆ ಅಲ್ಲಿಂದಲೇ ಬಂದಿದ್ದಳು, ಅವಳಿಗೆ ಗೊತ್ತಿತ್ತು.

ಹಿಂದಿನ ದಿನ ಮಧ್ಯಾಹ್ನ ಬೋಚಾಯ್ ಚಿಕ್ಕಮ್ಮನ ಬಲಗೈ ಈ ಪಟ್ಟಿಗೂ ಸಂದಿನ ಬಾಯಿಗೂ ನಡುವೆ ಸಿಕ್ಕಿತ್ತು. ಎರಡು ಬೆರಳು ಹೋದವು. ಇಪ್ಪತ್ತೆಂಟು ವರ್ಷ ನಲ್ಲಿಗಳಿಗೆ ಹೊಳಪು ಕೊಟ್ಟ ಕೈ ಅದು. ನಲ್ಲಿಯನ್ನು ತಿರುಗುವ ಚಕ್ರಕ್ಕೆ ಒತ್ತಿ ಹಿಡಿಯುವುದು ತೋರುಬೆರಳು ಮತ್ತು ನಡುಬೆರಳು. ಹೋದದ್ದು ಅವೇ ಎರಡು.

ಪೇಶಾನ್‌ಗೆ ಇಪ್ಪತ್ತಮೂರು ವರ್ಷ. ಹದಿನೈದಕ್ಕೆ ಶಾಲೆ ಬಿಟ್ಟವಳು. ಪಾಠ ಬಾರದೆ ಅಲ್ಲ. ಎದ್ದು ನಿಂತು ಓದು ಎಂದರೆ ಗಂಟಲು ಕಟ್ಟುತ್ತಿತ್ತು, ಮೂವತ್ತು ಮುಖ ತಿರುಗಿ ನೋಡಿದರೆ ನಾಲಿಗೆ ಮರಗಟ್ಟುತ್ತಿತ್ತು. ಮಾವ ಕರೆದುಕೊಂಡು ಬಂದು ಶಟರ್ ಕೆಲಸಕ್ಕೆ ಹಚ್ಚಿದ. ಕಬ್ಬಿಣ ಪ್ರಶ್ನೆ ಕೇಳುವುದಿಲ್ಲ. ನೋಡುತ್ತಾ ಕೂತರೆ ತಾನೇ ಹೇಳುತ್ತದೆ, ಎಲ್ಲಿ ಉಜ್ಜುತ್ತಿದೆ, ಎಲ್ಲಿ ವಾಲಿದೆ, ಎಲ್ಲಿ ದಣಿದಿದೆ ಎಂದು. ಎಂಟು ವರ್ಷದಲ್ಲಿ ಅವಳು ನೋಡುವುದನ್ನು ಚೆನ್ನಾಗಿ ಕಲಿತಿದ್ದಳು. ಹೇಳುವುದನ್ನು ಮಾತ್ರ ಕಲಿತಿರಲಿಲ್ಲ.

ಈ ಬಾಗಿಲು ಆರಿಸಿದ ದಿನವೂ ಅವಳು ನೋಡುತ್ತಾ ನಿಂತಿದ್ದಳು. ಧಣಿಯ ಮನೆತನದ ಹೆಸರು ಶಿ. ಲುಗಾಂಗಿನಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೂ ಅದು ಒಬ್ಬ ಶಿ ತಲೆಗೇ ತಾಗುತ್ತದೆ, ಆದ್ದರಿಂದ ಊರಿನವರು ಇವನನ್ನು ನಲ್ಲಿ ಶಿ ಎನ್ನುತ್ತಾರೆ. ಹಳೆಯ ಶಟರು ತುಕ್ಕು ಹಿಡಿದು ಹೋಗಿತ್ತು. ಮಾವ ತಗಡಿನ ತುಂಡುಗಳನ್ನು ಮೇಜಿನ ಮೇಲೆ ಹರಡಿ ಹೇಳಿದ್ದ:

"ಧಣಿ, ನಿಮ್ದು ಐದು ಮೀಟರ್ ಅಗಲದ ಬಾಗಿಲು, ಮುಖ ಉತ್ತರಕ್ಕೆ. ಒಂಬತ್ತನೇ ತಿಂಗಳ ಗಾಳಿ ಬಂದ್ರೆ ತೆಳು ತಗಡು ಹಾಯಿ ತರ ಉಬ್ಬುತ್ತೆ. ದಪ್ಪ ತಗಡೇ ಹಾಕೋಣ. ಪ್ರತಿ ಪಟ್ಟಿ ತುದಿಗೂ ಗಾಳಿಕೊಕ್ಕೆ ಇರ್ಲಿ. ಇನ್ನೊಂದು, ಬೀಳುತಡೆ. ಮೋಟಾರಿನ ಬ್ರೇಕು ಕೈಕೊಟ್ರೂ ಶಟರು ಅಲ್ಲಲ್ಲೇ ಹಿಡ್ಕೊಂಡು ನಿಲ್ಲುತ್ತೆ."

"ಬ್ರೇಕು ಯಾಕ್ ಕೈಕೊಡುತ್ತೆ? ನೀನು ಕೈಕೊಡೋ ಬ್ರೇಕು ಹಾಕ್ತೀಯಾ ಮೇಸ್ತ್ರಿ?" ನಲ್ಲಿ ಶಿ ನಕ್ಕ. "ಕೊಕ್ಕೆ ಹಾಕು, ತಗಡು ದಪ್ಪದ್ದೇ ಹಾಕು. ಆ ತಡೆ ಗಿಡೆ ಎಲ್ಲ ಬೇಡ. ಅದರ ಬದ್ಲು ಹೊರಮೈ ಹೊಳೆಯೋ ಉಕ್ಕಿಂದು ಹಾಕು. ನಲ್ಲಿ ಮಾಡೋನ ಬಾಗಿಲು ಮಂಕಾಗಿದ್ರೆ ಜನ ನಗಲ್ವಾ?"

ಬಾಗಿಲು ಹೊಳೆಯಿತು. ತೆರೆದಾಗ ನೆಲದಿಂದ ತಳಪಟ್ಟಿಗೆ ಮೂರು ಮೀಟರ್ ಎಂಬತ್ತಮೂರು ಸೆಂಟಿಮೀಟರ್ ಬಿಟ್ಟು ಮಾವ ಮೇಲಿನ ಮಿತಿ ಕೂರಿಸಿದ. ಸುಮ್ಮನೆ ಕೂರಿಸಿದ ಅಳತೆಯಲ್ಲ. ಮುಚ್ಚಿದ ದೊಡ್ಡ ಲಾರಿಯ ಎತ್ತರ ಮೂರು ಎಂಬತ್ತು. ಅದು ಹಿಮ್ಮುಖವಾಗಿ ಒಳಗೆ ಬರಬೇಕು. ಜೊತೆಗೆ ಅಂಕಿಗಳ ಪಕ್ಕ ಶುಭಾಶುಭದ ಅಕ್ಷರಗಳನ್ನು ಅಚ್ಚೊತ್ತಿದ ಮೇಸ್ತ್ರಿಗಳ ಟೇಪಿನಲ್ಲಿ ಆ ಅಳತೆ ಕೆಂಪು ಅಕ್ಷರದ ಮೇಲೆ ಬರುತ್ತಿತ್ತು, 'ಮೂಲ' ಎಂಬ ಅಕ್ಷರ. ಕೆಂಪು ಶುಭ, ಕಪ್ಪು ಅಶುಭ. ಇದನ್ನು ನೋಡದೆ ಬಾಗಿಲು ಕೂರಿಸುವ ಮೇಸ್ತ್ರಿ ಈ ಊರಿನಲ್ಲಿ ಎರಡನೇ ಬಾಗಿಲು ಕೂರಿಸುವುದಿಲ್ಲ.

ಮೂರನೇ ದಿನ ಧಣಿಯ ಫೋನು ಬಂತು. ತಾನೇ ಅಳೆದು ನೋಡಿದ್ದನಂತೆ. ಅಕ್ಷರ ಕಪ್ಪಂತೆ, 'ನಷ್ಟ' ಅಂತಿದೆಯಂತೆ. ಐದು ಸೆಂಟಿಮೀಟರ್ ಇಳಿಸಿದರೆ ಕೆಂಪು ಸಿಗುತ್ತದಂತೆ, 'ಏಳಿಗೆ' ಅಂತ.

"ನಮ್ ಟೇಪಲ್ಲಿ ಸರಿಯಾಗೇ ಇತ್ತಲ್ಲ ಧಣಿ," ಎಂದ ಮಾವ.

"ನಿನ್ ಟೇಪು ನಿನ್ ಮನೇಲಿ. ಇಳಿಸು ಅಂದ್ರೆ ಇಳಿಸು."

ನಲ್ಲಿ ಶಿಗೆ ಒಬ್ಬ ಅಣ್ಣ, ಇಬ್ಬರು ಭಾವಮೈದುನರು, ಎಲ್ಲರಿಗೂ ಒಂದೊಂದು ಕಾರ್ಖಾನೆ, ಎಲ್ಲಕ್ಕೂ ಒಂದೊಂದು ಶಟರು. ಮಾವ ಫೋನಿಟ್ಟು, "ಹೋಗಿ ಇಳಿಸಿ ಬಾ," ಎಂದು ಪೇಶಾನ್‌ಳನ್ನು ಕಳಿಸಿದ. ಅವಳು ಬಂದು ಮೋಟಾರಿನ ಮುಚ್ಚಳ ತೆಗೆದು, ಮಿತಿಯ ಚಕ್ರವನ್ನು ತಿರುಗಿಸಿ ಮೂರು ಎಪ್ಪತ್ತೆಂಟಕ್ಕೆ ನಿಲ್ಲಿಸಿದಳು. ತನ್ನ ಕೈಯಾರೆ.

ಅಂದಿನಿಂದ ಲಾರಿ ತಾಗತೊಡಗಿತು. ಅದೂ ಬರುವಾಗ ಮಾತ್ರ. ಖಾಲಿ ಲಾರಿ ಚಕ್ರಗಳ ಮೇಲೆ ಎತ್ತರಕ್ಕೆ ನಿಂತಿರುತ್ತದೆ; ನಲ್ಲಿ ಪೆಟ್ಟಿಗೆಗಳನ್ನು ತುಂಬಿದ ಮೇಲೆ ಕುಗ್ಗಿ ಸಲೀಸಾಗಿ ಹೊರಗೆ ಹೋಗುತ್ತದೆ. ಧಣಿ ತನ್ನ ಆಫೀಸಿನ ಕಿಟಕಿಯಿಂದ ಸರಕು ಹೊರಗೆ ಹೋಗುವುದನ್ನು ಮಾತ್ರ ನೋಡುತ್ತಿದ್ದ. "ಎಲ್ಲಿ ತಾಗುತ್ತೆ? ಬೆಣ್ಣೆಯಂಗೆ ಹೋಗುತ್ತೆ!" ಎನ್ನುತ್ತಿದ್ದ.

ಬರುವಾಗಿನ ಕಷ್ಟ ಬೋಚಾಯ್ ಚಿಕ್ಕಮ್ಮನ ಪಾಲಿಗೆ ಬಂತು, ಅವಳ ಯಂತ್ರ ಬಾಗಿಲಿಗೆ ಹತ್ತಿರವಿತ್ತು ಎಂಬ ಒಂದೇ ಕಾರಣಕ್ಕೆ. ಲಾರಿ ಹಾರನ್ ಹೊಡೆದರೆ ಅವಳು ಎದ್ದು, ಕರೆಂಟು ಹೋದಾಗ ಬಳಸುವ ಕೈಸರಪಳಿಯನ್ನು ಜಗ್ಗಿ, ಉಳಿದ ಐದು ಸೆಂಟಿಮೀಟರ್ ಎತ್ತುತ್ತಿದ್ದಳು. ದಿನಕ್ಕೆ ಎರಡು ಸಲ, ಮೂರು ಸಲ. ಆ ಸರಪಳಿ ಅದಕ್ಕೆ ಇರುವುದಲ್ಲ. ಪ್ರತಿ ಸಲ ಜಗ್ಗಿದಾಗಲೂ ಒಳಗಿನ ಬ್ರೇಕು ಬಿಟ್ಟು ಹಿಡಿದು, ಬಿಟ್ಟು ಹಿಡಿದು ಸವೆಯುತ್ತದೆ. ಅವಳು ಏಳುವುದು ತಡವಾದರೆ ಲಾರಿ ಗುದ್ದುತ್ತಿತ್ತು. ತಳಪಟ್ಟಿಯ ಬಲತುದಿ ಬಾಗಿತು.

ತಿಂಗಳಿಗೊಮ್ಮೆ ನೋಡಿಕೊಳ್ಳಲು ಬಂದಾಗ ಪೇಶಾನ್ ಇದನ್ನೆಲ್ಲ ಕಂಡಳು. ಮೊದಲನೇ ತಿಂಗಳು ಧಣಿಗೆ ಹೇಳಿದಳು, ಮಾತು ಅರ್ಧದಲ್ಲಿರುವಾಗಲೇ ಅವನು ಫೋನಿಗೆ ತಿರುಗಿದ. ಎರಡನೇ ತಿಂಗಳು ಹೇಳಿದಳು. "ಏನೋ ಗುಣುಗುಣು ಅಂತಿದೀಯ ಹುಡುಗಿ, ಸೊಳ್ಳೆಗೂ ನಿನಗಿಂತ ದೊಡ್ಡ ದನಿ ಇದೆ," ಎಂದ. ಮೂರನೇ ತಿಂಗಳು ಮಾವನಿಗೆ ಹೇಳಿದಳು. "ಕೇಳಿಸ್ತು ಬಿಡು. ಅವನ ಬಾಗಿಲು, ಅವನ ಇಷ್ಟ," ಎಂದ ಮಾವ.

ಬೋಚಾಯ್ ಚಿಕ್ಕಮ್ಮ ಮಾತ್ರ ಅವಳ ಮಾತನ್ನು ಪೂರ್ತಿ ಕೇಳಿದ್ದಳು. ತನ್ನ ಊಟದ ಡಬ್ಬಿಯಿಂದ ಚಹಾದಲ್ಲಿ ಬೇಯಿಸಿದ ಮೊಟ್ಟೆಯೊಂದನ್ನು ಅವಳ ಕೈಗಿಟ್ಟು, "ನನಗೆ ಗೊತ್ತು ಮಗಳೇ. ಜಗ್ಗಿ ಜಗ್ಗಿ ನನ್ನ ತೋಳು ಈಗ ಕುಸ್ತಿಯವರ ತೋಳು ಆಗಿದೆ ನೋಡು. ನನ್ನ ಗಂಡ ಮುದುಕ ಹೆದರಿ ಮನೇಲಿ ಪಾತ್ರೆ ತೊಳೀತಾನೆ," ಎಂದು ನಕ್ಕಿದ್ದಳು.

ನಿನ್ನೆ ಎರಡು ಗಂಟೆಗೆ ಲಾರಿ ಬಂದು ಪಟ್ಟಿಗೆ ಗುದ್ದಿತು. ಬಾಗಿದ ತುದಿ ಸಂದಿನಿಂದ ಹೊರಬಿತ್ತು. ಬಂದರಿಗೆ ನಾಲ್ಕಕ್ಕೆ ಸರಕು ಮುಟ್ಟಬೇಕು. ಧಣಿ ಆಫೀಸಿನಿಂದ ಕೂಗಿದ: "ಬೋಚಾಯ್, ಏನ್ ನೋಡ್ತಾ ನಿಂತಿದೀಯ? ಹತ್ತಿ ಒಳಗೆ ತಳ್ಳು!" ಲಾರಿಯವನು ಕೆಳಗೆ ಸರಪಳಿ ಜಗ್ಗಿದ, ಚಿಕ್ಕಮ್ಮ ಏಣಿ ಹತ್ತಿ ಪಟ್ಟಿಯ ತುದಿಯನ್ನು ಸಂದಿನ ಬಾಯಿಗೆ ತಳ್ಳಿದಳು. ಸವೆದ ಬ್ರೇಕು ಜಾರಿತು. ಶಟರು ಒಂದೇ ಒಂದು ಗೇಣು ಇಳಿಯಿತು. ಅಷ್ಟೇ ಸಾಕಾಯಿತು.

ಇದನ್ನೆಲ್ಲ ಪೇಶಾನ್‌ಗೆ ಹೇಳಿದ್ದು ಚಿಕ್ಕಮ್ಮನೇ, ಬೆಳಿಗ್ಗೆ, ಆಸ್ಪತ್ರೆಯ ಮಂಚದ ಮೇಲಿಂದ. ನೋವಿಗಿಂತ ಹೆಚ್ಚು ಅವಳನ್ನು ಸುಡುತ್ತಿದ್ದುದು ಒಂದು ಕಾಗದ. ಕೆಲಸದಲ್ಲಿ ಗಾಯವಾದರೆ ವಿಮೆಯವರಿಗೆ ಕೊಡುವ ಫಾರ್ಮು. ಅದರಲ್ಲಿ ಕಾರಣ ಬರೆಯಲು ಒಂದು ಸಾಲಿನ ಜಾಗವಿದೆ. ಧಣಿ ಅಲ್ಲಿ ಹೀಗೆ ಬರೆದು, ಮುದ್ರೆ ಒತ್ತಿ, ನಕಲನ್ನು ಅವಳ ಗಂಡನ ಕೈಗೆ ಕೊಟ್ಟು ಕಳಿಸಿದ್ದ: ಕೆಲಸಗಾರ್ತಿ ಯಾರೂ ಹೇಳದಿದ್ದರೂ ತಾನಾಗಿಯೇ ಬಾಗಿಲಿಗೆ ಕೈಹಾಕಿದ್ದರಿಂದ.

"ತಾನಾಗಿಯೇ ಅಂತೆ," ಎಂದಿದ್ದಳು ಚಿಕ್ಕಮ್ಮ, ಬಿಳಿ ಬಟ್ಟೆಯ ಗಂಟಾಗಿದ್ದ ಕೈ ನೋಡುತ್ತಾ. "ಇಪ್ಪತ್ತೆಂಟು ವರ್ಷದಲ್ಲಿ ನಾನಾಗಿಯೇ ಉಚ್ಚೆಗೂ ಎದ್ದೋಳಲ್ಲ ಮಗಳೇ, ಕೇಳ್ಕೊಂಡು ಹೋದೋಳು."

ಏಣಿಯಿಂದ ಇಳಿಯುವಾಗ ಪೇಶಾನ್‌ಳ ಕೈಯಲ್ಲಿ ಒರೆಸಿದ ಬಟ್ಟೆ ಇನ್ನೂ ಇತ್ತು.

ಧಣಿ ಆಫೀಸಿನಿಂದ ಹೊರಗೆ ಬಂದ. ಒಳ್ಳೆಯ ನಿದ್ದೆಯಾದ ಮುಖ.

"ಆಯ್ತಾ ಮೇಸ್ತ್ರಿ? ಹೊಸ ಬಾಗಿಲು, ಮೂರೇ ತಿಂಗಳಿಗೆ ಹಿಂಗೆ. ಎಂಥಾ ಮಾಲು ಕೊಟ್ಟೆ ನನಗೆ?"

"ಮಾಲು ಚೆನ್ನಾಗೇ ಇದೆ ಧಣಿ," ಎಂದ ಮಾವ ಮೆಲ್ಲಗೆ. "ಎತ್ತರ ಕಮ್ಮಿ ಆಯ್ತು. ಆ ಐದು ಸೆಂಟಿಮೀಟರ್ ವಾಪಸ್ ಏರಿಸಿಬಿಟ್ರೆ..."

"ಅದೊಂದು ಮಾತು ಬಿಟ್ಟು ಬೇರೆ ಹೇಳು."

"ಏರಿಸದಿದ್ರೆ ಲಾರಿ ತಾಗುತ್ತೆ ಧಣಿ," ಎಂದಳು ಪೇಶಾನ್. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ನಾಳೆ ಇನ್ನೊಬ್ಬರ ಕೈ ಹೋಗುತ್ತೆ."

"ಕೈ ಹೋಗೋದು ಕೈ ಹಾಕೋರಿಗೆ! ನನ್ನ ಕೈ ಹೋಯ್ತಾ? ನಿನ್ನ ಕೈ ಹೋಯ್ತಾ?" ಧಣಿ ಅವಳ ಕಡೆ ತಿರುಗಲೇ ಇಲ್ಲ, ಮಾವನಿಗೇ ಹೇಳುತ್ತಿದ್ದ. "ಬಾಗಿಲ ಎತ್ತರ ಮನೆತನದ ವಿಷಯ ಮೇಸ್ತ್ರಿ. ಒಬ್ಬಳು ಕೆಲಸದವಳ ಬೇಜವಾಬ್ದಾರಿಗೆ ನಾನು ನನ್ನ ಏಳಿಗೆ ಬಿಟ್ಟುಕೊಡ್ಬೇಕಾ? ಬಾ, ಬಾ, ನಿನ್ನ ಕಣ್ಣಿಗೇ ತೋರಿಸ್ತೀನಿ."

ಜೇಬಿನಿಂದ ತನ್ನ ಟೇಪು ತೆಗೆದ. ಹೊಸದು, ಹಳದಿ. ತುದಿಯ ಕೊಕ್ಕೆಯನ್ನು ಏಣಿ ಹತ್ತಿ ಪಟ್ಟಿಗೆ ಸಿಕ್ಕಿಸಲು ಪೇಶಾನ್‌ಗೆ ಕೈಸನ್ನೆ ಮಾಡಿದ. ಅವಳು ಸಿಕ್ಕಿಸಿ ಇಳಿದು ಬಂದಳು. ಧಣಿ ಟೇಪನ್ನು ನೆಲಕ್ಕೆ ಎಳೆದು, ಕುಕ್ಕರಗಾಲಲ್ಲಿ ಕೂತು, ಮೂರು ಎಪ್ಪತ್ತೆಂಟರ ಹತ್ತಿರ ಹೆಬ್ಬೆರಳಿನ ಉಗುರು ಒತ್ತಿದ.

"ಓದು. ಕೆಂಪೋ ಕಪ್ಪೋ? 'ಏಳಿಗೆ'. ಸರಿಯಾಗಿ ಓದು."

ಮಾವ ಕನ್ನಡಕ ತಂದಿರಲಿಲ್ಲ. ಪೇಶಾನ್ ಬಗ್ಗಿ ನೋಡಿದಳು.

ಟೇಪಿನ ಮೇಲೆ ಅಕ್ಷರಗಳ ಸಾಲು ಎರಡು. ಅವಳು ಕೆಲಸಕ್ಕೆ ಸೇರಿದ ವರ್ಷವೇ ಮಾವ ಒಬ್ಬ ಬಡಗಿಯ ಅಂಗಡಿಯಲ್ಲಿ ಕೂರಿಸಿ ಹೇಳಿಕೊಟ್ಟಿದ್ದ: ಮೇಲಿನ ಸಾಲು ಅನ್ನ ತಿನ್ನುವವರಿಗೆ, ಕೆಳಗಿನ ಸಾಲು ಧೂಪ ತಿನ್ನುವವರಿಗೆ. ಮನೆ, ಅಂಗಡಿ, ಬಾಗಿಲು, ಕಿಟಕಿಗೆ ಮೇಲಿನದು. ಗೋರಿಗೆ, ಹಿರಿಯರ ಪೀಠಕ್ಕೆ ಕೆಳಗಿನದು. ಅದು ಇದಕ್ಕೆ ಬಾರದು, ಇದು ಅದಕ್ಕೆ ಬಾರದು.

ಧಣಿಯ ಉಗುರು ಕೆಳಗಿನ ಸಾಲಿನ ಮೇಲಿತ್ತು.

ಅವಳು ಮೂರು ಎಂಬತ್ತಮೂರಕ್ಕೆ ಕಣ್ಣು ಹಾಯಿಸಿದಳು: ಮೇಲೆ 'ಮೂಲ', ಕೆಂಪು, ಕೆಳಗೆ 'ನಷ್ಟ', ಕಪ್ಪು. ಮತ್ತೆ ಮೂರು ಎಪ್ಪತ್ತೆಂಟು: ಕೆಳಗೆ 'ಏಳಿಗೆ', ಕೆಂಪು, ಮೇಲೆ 'ಕೇಡು', ಕಪ್ಪು. ಮೂರು ತಿಂಗಳು. ದಿನಕ್ಕೆ ಮೂರು ಸಲ ಸರಪಳಿ. ಎರಡು ಬೆರಳು. ಎಲ್ಲವೂ ಈ ಮನುಷ್ಯ ಟೇಪಿನ ತಪ್ಪು ಸಾಲು ಓದಿದ್ದಕ್ಕೆ.

"ಇದು ಗೋರಿಯ ಸಾಲು ಧಣಿ," ಎಂದಳು.

"ಏನಂದೆ?"

"ನೀವು ಓದ್ತಿರೋದು ಗೋರಿಯ ಸಾಲು. ಸತ್ತೋರಿಗೆ ಏಳಿಗೆ ಅದು. ಬದುಕಿರೋರ ಸಾಲು ಇದರ ಮೇಲಿದೆ. ಅಲ್ಲೇನಿದೆ ಓದಿ."

ಧಣಿ ಓದಿದ. ಉಗುರನ್ನು ಮೇಲಿನ ಸಾಲಿಗೆ ಸರಿಸಿ ಇನ್ನೊಮ್ಮೆ ಓದಿದ. ಹೊರಗೆ ಧೂಪ ಹಿಡಿದು ನಿಂತಿದ್ದ ಅವನ ಹೆಂಡತಿಗೆ ಮಾತು ಕೇಳಿಸಿತ್ತು. ಅವಳು ಓಡಿ ಬಂದು ಗಂಡನ ಭುಜದ ಮೇಲಿಂದ ಬಗ್ಗಿ ನೋಡಿ ಚೀರಿದಳು.

"ಅಯ್ಯೋ, ಕೇಡು! ಕೇಡು ಅಂತಿದೆ! ಮೂರು ತಿಂಗಳಿಂದ ನಾವು ಗೋರಿ ಬಾಗಿಲಲ್ಲಿ ಓಡಾಡ್ತಿದೀವಾ? ನಿಮ್ಮಮ್ಮನ್ನೂ ಇದೇ ಬಾಗಿಲಲ್ಲಿ ಕರ್ಕೊಂಡು ಬಂದೆನಲ್ಲೋ! ಕಣ್ಣೆಲ್ಲಿಟ್ಟಿದ್ದೆ ನೀನು?"

"ಸುಮ್ನಿರೇ!" ಎಂದ ಧಣಿ. ಟೇಪು ಅವನ ಕೈಯಿಂದ ಜಾರಿ ಸರ್ರನೆ ಮೇಲಕ್ಕೆ ಸುತ್ತಿಕೊಂಡಿತು. ಎದ್ದು ನಿಂತು, ಬಾಗಿಲಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ಮೇಸ್ತ್ರಿ, ಏರಿಸು. ಈಗ್ಲೇ ಏರಿಸು. ಎಲ್ಲಾ ಯಂತ್ರ ನಿಲ್ಲಿಸ್ರೋ! ಯಾರೂ ಈ ಬಾಗಿಲಲ್ಲಿ ದಾಟ್ಬೇಡಿ. ಲಾರಿಗೆ ಫೋನ್ ಮಾಡಿ, ಬರ್ಬೇಡ ಅನ್ನಿ."

"ಇವತ್ತೂ ನಾಲ್ಕು ಗಂಟೆಗೆ ಬಂದರಿಗೆ..." ಎಂದ ಒಬ್ಬ ಕೆಲಸಗಾರ.

"ಬಂದರು ಹಾಳಾಗ್ಲಿ!"

ಹತ್ತು ಯಂತ್ರಗಳೂ ನಿಂತವು. ಮೂರು ತಿಂಗಳಲ್ಲಿ ಯಾರಿಗಾಗಿಯೂ ಒಟ್ಟಿಗೆ ನಿಲ್ಲದ ಯಂತ್ರಗಳು. ನಿನ್ನೆ ಎರಡು ಗಂಟೆಗೂ, ಚಿಕ್ಕಮ್ಮನನ್ನು ಎತ್ತಿಕೊಂಡು ಹೋಗುವಾಗಲೂ, ಐದು ಯಂತ್ರ ತಿರುಗುತ್ತಲೇ ಇದ್ದವಂತೆ. ಈಗ ಗಾಳಿ ಹೊಳೆಯುವ ತಗಡಿಗೆ ಬಡಿಯುವ ಸದ್ದು ಮಾತ್ರ ಉಳಿಯಿತು. ಇಬ್ಬರು ಓಡಿಬಂದು ಏಣಿ ಹಿಡಿದರು. ಇನ್ನೊಬ್ಬ ದೀಪ ಹಿಡಿದ. ಧಣಿಯ ಹೆಂಡತಿ ತಾನೇ ಅವಳಿಗೆ ಸ್ಪ್ಯಾನರು ಎತ್ತಿಕೊಟ್ಟು, "ಬೇಗ ಮಾಡಮ್ಮ, ನಮ್ಮಮ್ಮ ಅಲ್ವಾ, ಬೇಗ," ಎಂದಳು. ಪೇಶಾನ್‌ಗೆ ಈ ಕಾರ್ಖಾನೆಯಲ್ಲಿ ಯಾರಾದರೂ ಅಮ್ಮ ಎಂದದ್ದು ಇದೇ ಮೊದಲು.

ಅವಳು ಮೋಟಾರಿನ ಮುಚ್ಚಳ ತೆಗೆದಳು. ಮಿತಿಯ ಚಕ್ರವನ್ನು ಹಿಂದಕ್ಕೆ ತಿರುಗಿಸಿದಳು. ಹಲ್ಲು ಹಲ್ಲಾಗಿ ತಿರುಗುವ ಸಣ್ಣ ಚಕ್ರ, ಒಂದು ಹಲ್ಲಿಗೆ ಅರ್ಧ ಸೆಂಟಿಮೀಟರ್. ಹತ್ತು ಹಲ್ಲು. ಹತ್ತು ಸಲ ಕಟ್ ಕಟ್ ಎನ್ನಿಸಲು ಒಂದು ನಿಮಿಷ ಬೇಕಾಗಲಿಲ್ಲ. ಒಂದು ನಿಮಿಷದ ಕೆಲಸ! ಮೂರು ತಿಂಗಳು ಮೂರು ಸಲ ಕೇಳಿದ್ದು ಈ ಒಂದು ನಿಮಿಷಕ್ಕಾಗಿ. ಮನುಷ್ಯರ ಕೈ ಎಂದಾಗ ಕೇಳಿಸದ ಕಿವಿಗೆ ಗೋರಿ ಎಂದ ಕೂಡಲೇ ಕೇಳಿಸಿತು. ಅವಳು ಸವೆದ ಬ್ರೇಕನ್ನು ಬಿಚ್ಚಿ, ಮಾವ ಚೀಲದಲ್ಲಿ ತಂದಿದ್ದ ಹೊಸದನ್ನು ಕೂರಿಸಿದಳು. ಬೋಲ್ಟು ಬಿಗಿಯುವಾಗ ಸ್ಪ್ಯಾನರಿಗೆ ಎಷ್ಟು ಬಲ ಹಾಕಿದಳೆಂದರೆ ಕೆಳಗಿನಿಂದ ಮಾವ, "ಸಾಕು, ಮುರಿದೀಯೆ," ಎಂದ. ಸಾಕು ಎನ್ನುವ ಮಾತು ಇವನಿಗೆ ಇಷ್ಟು ದಿನ ಎಲ್ಲಿ ಹೋಗಿತ್ತು ಎಂದುಕೊಂಡಳು. ಮಾವನ ಮೇಲೂ ಸಿಟ್ಟು ಬಂತು. ಅವನಿಗೆ ಗೊತ್ತಿರಬೇಕು. ಮೂವತ್ತು ವರ್ಷ ಬಾಗಿಲು ಕೂರಿಸಿದವನು, 'ನಷ್ಟ' ಎಂಬ ಅಕ್ಷರ ಮೇಲಿನ ಸಾಲಿನಲ್ಲಿ ಇಲ್ಲವೇ ಇಲ್ಲ ಎಂದು ಅವನಿಗೆ ತಿಳಿಯದೇ? ಅಂದು ಫೋನಿನಲ್ಲೇ ಹೊಳೆದಿರಬೇಕು. ಹೊಳೆದದ್ದನ್ನು ನುಂಗಿಕೊಂಡ. ಅವಳ ಕೈಯಿಂದ ಬಾಗಿಲು ಇಳಿಸಿದ.

ಬಟನ್ನು ಒತ್ತಿದಳು. ಶಟರು ಮೇಲೇರಿ ನಿಂತಿತು. ಮಾವ ತನ್ನ ಹಳೆಯ ಟೇಪು ಹಿಡಿದ, ಅವಳು ಓದಿದಳು. ಮೂರು ಎಂಬತ್ತಮೂರು. ಧಣಿ ಕಣ್ಣು ಕಿರಿದು ಮಾಡಿ ಮೇಲಿನ ಸಾಲು ಓದಿ, ಇನ್ನೊಮ್ಮೆ ಓದಿ, ಉಸಿರು ಬಿಟ್ಟ. ಹೆಂಡತಿ ಹೊಸ ಧೂಪ ಹಚ್ಚಿ ಮೂರು ಸಲ ಬಗ್ಗಿದಳು.

"ನೋಡಿದ್ಯಾ ಮೇಸ್ತ್ರಿ," ಎಂದ ಧಣಿ, ಮುಖಕ್ಕೆ ಬಣ್ಣ ಮರಳಿ ಬಂದಿತ್ತು, "ಅದಕ್ಕೇ ಆದದ್ದು ಅದು. ಕೇಡು ಅಂತ ಬಾಗಿಲಲ್ಲೇ ಬರೆದಿದ್ರೆ ಕೇಡಾಗದೆ ಇನ್ನೇನಾಗುತ್ತೆ? ಅವಳ ಗ್ರಹಚಾರ. ಸದ್ಯ, ನಮ್ಮ ಮನೆಯವರಿಗೆ ಏನೂ ಆಗ್ಲಿಲ್ಲ. ಬನ್ನಿ, ಚಹಾ ಕುಡೀರಿ. ಹುಡುಗಿ ಚುರುಕಿದಾಳೆ ಮೇಸ್ತ್ರಿ, ಕಿತ್ತಳೆ ಕೊಡೇ ಇವಳಿಗೆ."

ಧಣಿಯ ಹೆಂಡತಿ ಎಲೆಯಿದ್ದ ಒಂದು ಕಿತ್ತಳೆ ಚಾಚಿದಳು. ಪೇಶಾನ್ ತೆಗೆದುಕೊಳ್ಳಲಿಲ್ಲ. ಎಣ್ಣೆ ಮೆತ್ತಿದ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ನಿಂತಳು. ಹತ್ತು ಮುಖಗಳು ತಿರುಗಿ ಅವಳನ್ನೇ ನೋಡುತ್ತಿದ್ದವು. ಗಂಟಲು ಕಟ್ಟುವುದನ್ನು ಕಾದಳು. ಕಟ್ಟಲಿಲ್ಲ.

"ಧಣಿ," ಎಂದಳು, "ಫಾರ್ಮಲ್ಲಿ ಬರೆದಿದೀರಲ್ಲ, ಯಾರೂ ಹೇಳದಿದ್ರೂ ತಾನಾಗಿಯೇ ಕೈಹಾಕಿದ್ಲು ಅಂತ."

"ಯಾವ ಫಾರ್ಮು?"

"ಬೋಚಾಯ್ ಚಿಕ್ಕಮ್ಮನ ಫಾರ್ಮು. ಏಣಿ ಹತ್ತು ಅಂತ ಹೇಳಿದ್ದು ನೀವು. ಬಾಗಿಲು ಇಳಿಸು ಅಂತ ಹೇಳಿದ್ದು ನೀವು, ಇಳಿಸಿದ್ದು ನಾನು. ಬರೆಯೋದಿದ್ರೆ ಅದನ್ನ ಬರೀರಿ, ನನ್ನ ಹೆಸರೂ ಬರೀರಿ. ಇಲ್ಲಿರೋ ಹತ್ತು ಜನಾನೂ ಕೇಳಿಸ್ಕೊಂಡಿದಾರೆ."

ಹತ್ತು ಮುಖಗಳು ಮೆಲ್ಲಗೆ ತಮ್ಮ ತಮ್ಮ ಯಂತ್ರಗಳ ಕಡೆ ತಿರುಗಿದವು. ಯಾರೋ ಸ್ವಿಚ್ಚು ಒತ್ತಿದರು. ಒಂದು ಚಕ್ರ ಗುಂಯ್ ಎಂದು ಶುರುವಾಯಿತು, ಅದರ ಹಿಂದೆ ಇನ್ನೊಂದು. ಮಾವ ಏಣಿ ಮಡಚಿ ವ್ಯಾನಿನ ಕಡೆ ನಡೆದ. ಧಣಿ ಫೋನು ತೆಗೆದು ಲಾರಿಯವನ ನಂಬರು ಹುಡುಕತೊಡಗಿದ. ಅವನ ಹೆಂಡತಿ ಕಿತ್ತಳೆಯನ್ನು ಮತ್ತೆ ಮೇಜಿನ ಮೇಲಿಟ್ಟು, ಎಲೆ ಕಾಣುವಂತೆ ತಿರುಗಿಸಿದಳು.

ಯಂತ್ರಗಳ ಸದ್ದಿನ ಮೇಲೆ ಕೇಳಿಸುವಷ್ಟು ಗಟ್ಟಿಯಾಗಿ ಪೇಶಾನ್ ಇನ್ನೊಮ್ಮೆ ಹೇಳಿದಳು:

"ಧಣಿ, ಆ ಸಾಲೂ ತಿದ್ದಿ ಕೊಡಿ."